ಪೀಠಗಳು ಬೆಳೆಸಿದ ವೈದ್ಯಪರಂಪರೆ

ಕ್ರಿ.ಶ. 1162. ಕಲ್ಯಾಣದ ಚಾಲುಕ್ಯರ ಪ್ರತಾಪಸೂರ್ಯನು ಅಸ್ತಾಚಲಕ್ಕೆ ಇಳಿದಿದ್ದ ಕಾಲ. ನಿನ್ನೆಯವರೆಗೆ ಸಾಮಂತನಾಗಿದ್ದ ಕಳಚುರಿ ಬಿಜ್ಜಳನು ಒಡೆಯನ ಸಿಂಹಾಸನವನ್ನೇ ಆಕ್ರಮಿಸಿ, ದಕ್ಷಿಣದಿಗ್ವಿಜಯದ ಸಂಕಲ್ಪ ತೊಟ್ಟು, ಬನವಾಸಿ ನಾಡಿನ ಮಹಾನಗರವಾದ ಬಳ್ಳಿಗಾವೆಗೆ ಬಂದಿದ್ದನು. ಆ ವರ್ಷ ಅಲ್ಲಿನ ಕೇದಾರೇಶ್ವರನ ಸನ್ನಿಧಿಯಲ್ಲಿ ನಿಂತ ಶಿಲಾಶಾಸನ ರಾಜನ ಶೌರ್ಯವನ್ನು ಹಾಡಿದಷ್ಟೇ ಗೌರವದಿಂದ ಕಾಳಾಮುಖ ಶೈವ ಯತಿಗಳ ಕೋಡಿಯ ಮಠವನ್ನೂ ವರ್ಣಿಸುತ್ತದೆ. ವೇದ, ವ್ಯಾಕರಣ, ಷಡ್ದರ್ಶನ, ಪುರಾಣ, ನಾಟಕಗಳ ಅಧ್ಯಯನಕ್ಕೆ ಅದು ನೆಲೆ. ದೀನರು, ಕುರುಡರು, ಕುಂಟರು, ಕಿವುಡರು, ಗಾಯಕರು, ನರ್ತಕರು, ದಿಗಂಬರ ಕ್ಷಪಣಕರು, ದೇಶಾಂತರದಿಂದ ಬಂದ ಭಿಕ್ಷುಕರು, ಇವರೆಲ್ಲರಿಗೂ ಅನ್ನದ ನೆಲೆ. ಅನಾಥ ರೋಗಿಗಳಿಗೆ ಔಷಧೋಪಚಾರದ ನೆಲೆ. ವೇದಘೋಷ ಮೊಳಗುವ ಪ್ರಾಕಾರದೊಳಗೇ ರೋಗಿಯ ನರಳಾಟಕ್ಕೂ ಸ್ಥಳವಿತ್ತು. ಬಿಜ್ಜಳನ ದಿಗ್ವಿಜಯಕ್ಕಿಂತ ನನಗೆ ಈ ಒಂದು ವಿವರವೇ ಹಿರಿದಾಗಿ ಕಾಣುತ್ತದೆ.

ಏಕೆಂದರೆ ಚಿಕಿತ್ಸಕನ ವೃತ್ತಿಗೆ ಆ ಕಾಲದ ಸಮಾಜ ನಿಸ್ಸಂಕೋಚವಾಗಿ ಮನ್ನಣೆ ಕೊಟ್ಟಿರಲಿಲ್ಲ. ರಕ್ತ, ಕೀವು, ಮಲಮೂತ್ರಗಳನ್ನು ಮುಟ್ಟುವ ವೈದ್ಯನ ಅನ್ನವನ್ನು ಮನುಸ್ಮೃತಿ ವರ್ಜ್ಯವೆಂದು ಸಾರಿತ್ತು. ಶಾಸ್ತ್ರದ ಆ ಕಟ್ಟನ್ನು ಸಡಿಲಿಸಲು ಶಾಸ್ತ್ರದಷ್ಟೇ ತೂಕವುಳ್ಳ ವಾಣಿ ಬೇಕಿತ್ತು. ಆ ವಾಣಿ ನಮ್ಮ ನಾಡಿನಲ್ಲಿ ಧರ್ಮಪೀಠಗಳಿಂದ ಹೊರಟಿತು. ಆಹಾರ, ಅಭಯ, ಶಾಸ್ತ್ರಗಳ ಸಾಲಿನಲ್ಲಿ ಭೈಷಜ್ಯವನ್ನೂ ನಿಲ್ಲಿಸಿ ಜೈನಾಚಾರ್ಯರು ಚತುರ್ವಿಧ ದಾನವನ್ನು ಬೋಧಿಸಿದರು. ಉಗ್ರಾದಿತ್ಯಾಚಾರ್ಯನಂಥ ಮುನಿಯೇ ‘ಕಲ್ಯಾಣಕಾರಕ’ವೆಂಬ ವೈದ್ಯಗ್ರಂಥವನ್ನು ರಚಿಸಿದನು. ಹನ್ನೆರಡನೆಯ ಶತಮಾನದ ಶರಣರು ಇನ್ನೂ ಮುಂದೆ ಹೋದರು. ಸತ್ಯಶುದ್ಧ ಕಾಯಕಗಳಲ್ಲಿ ಮೇಲುಕೀಳಿಲ್ಲವೆಂದು ಘೋಷಿಸಿದ ಆ ಸಮೂಹದಲ್ಲಿ ವೈದ್ಯ ಸಂಗಣ್ಣನು ತನ್ನ ವೃತ್ತಿಯ ಹೆಸರನ್ನೇ ಬಿರುದಿನಂತೆ ಧರಿಸಿದನು, ವೈದ್ಯದ ಪರಿಭಾಷೆಯಲ್ಲೇ ವಚನ ನುಡಿದನು. ಗುರುವಿನೆದುರು ತಲೆಯೆತ್ತಿ ನಿಲ್ಲಬಲ್ಲ ಕಾಯಕಕ್ಕೆ ಮಕ್ಕಳನ್ನು ಕಳುಹಿಸಲು ಯಾವ ತಂದೆ ಹಿಂಜರಿದಾನು?

ವಿಧಿಯ ಗತಿ ಬೇರೆಯಾಗಿತ್ತು. ಆ ಶಾಸನದ ಬೆನ್ನಲ್ಲೇ, ಒಂದು ದಶಕವೂ ಕಳೆಯುವ ಮುನ್ನ, ಕಲ್ಯಾಣ ಕ್ಷೋಭೆಗೊಂಡಿತು, ಬಿಜ್ಜಳನು ಹತನಾದನು, ಶರಣರು ದಿಕ್ಕುದಿಕ್ಕಿಗೆ ಚದುರಿದರು. ಕಳಚುರಿಗಳು, ಸೇವುಣರು, ಹೊಯ್ಸಳರು ಒಬ್ಬರ ಬೆನ್ನಿಗೊಬ್ಬರು ಉದಯಿಸಿ ಅಳಿದರು; 1565ರಲ್ಲಿ ವಿಜಯನಗರವೂ, 1799ರಲ್ಲಿ ಶ್ರೀರಂಗಪಟ್ಟಣವೂ ಪತನಗೊಂಡವು. ಬಳ್ಳಿಗಾವೆ ಇಂದು ಶಿಕಾರಿಪುರ ತಾಲ್ಲೂಕಿನ ಒಂದು ಹಳ್ಳಿ.

ರಾಜ್ಯಗಳು ಅಳಿದರೂ ಪೀಠಗಳ ವೈದ್ಯಪರಂಪರೆ ಉಳಿಯಿತು. ಅದರ ಮುಂದಿನ ಪರ್ವ ಆರಂಭವಾದುದು ಪಡುವಣ ಕಡಲ ತೀರದಲ್ಲಿ. ಜರ್ಮನಿಯಲ್ಲಿ ಹುಟ್ಟಿದ ಜೆಸ್ವಿಟ್ ಪಾದ್ರಿ ಅಗಸ್ಟಸ್ ಮುಲ್ಲರ್ 1880ರಲ್ಲಿ ಮಂಗಳೂರಿನ ಕಂಕನಾಡಿಯಲ್ಲಿ ಹೋಮಿಯೋಪಥಿ ಔಷಧಾಲಯವೊಂದನ್ನು ತೆರೆದರು. ಹತ್ತು ವರ್ಷಗಳಲ್ಲಿ ಕುಷ್ಠರೋಗಿಗಳಿಗಾಗಿ ಆಶ್ರಯವೂ ಎದ್ದಿತು. ಬಂಧುಗಳೇ ಮನೆಯಿಂದ ಹೊರಹಾಕುತ್ತಿದ್ದ ರೋಗಿಯ ವ್ರಣವನ್ನು ಪೂಜೆ ಸಲ್ಲಿಸುವ ಕೈಗಳೇ ತೊಳೆದು ಪಟ್ಟಿ ಕಟ್ಟುವುದನ್ನು ಜನ ಕಣ್ಣಾರೆ ಕಂಡರು. ಉಪದೇಶ ಸಾಧಿಸಲಾರದುದನ್ನು ಆ ನೋಟ ಸಾಧಿಸಿತು. ಅನ್ಯರ ಮೈ ಮುಟ್ಟುವ, ರಾತ್ರಿ ಪಾಳಿಯಲ್ಲಿ ದುಡಿಯುವ ದಾದಿಯ ಕೆಲಸ ಕುಲೀನ ಮನೆಯ ಹೆಣ್ಣಿಗೆ ಹೇಳಿದ್ದಲ್ಲವೆಂದು ನಾಡೆಲ್ಲ ನಂಬಿದ್ದಾಗ, ಕ್ರೈಸ್ತ ಭಗಿನಿಯರು ಅದನ್ನೇ ವ್ರತವಾಗಿ ಸ್ವೀಕರಿಸಿದ್ದರು. ಕರಾವಳಿಯ ಸಾಮಾನ್ಯ ಕುಟುಂಬಗಳು ಹೆಣ್ಣುಮಕ್ಕಳನ್ನು ನರ್ಸಿಂಗ್ ಕಲಿಯಲು ನಿರ್ಭೀತಿಯಿಂದ ಕಳುಹಿಸಿದ್ದಕ್ಕೆ ಸಂಬಳ ಒಂದು ಕಾರಣವಾದರೆ, ಇಗರ್ಜಿಯ ಗುರುಗಳ ಮಾತು ಅದಕ್ಕಿಂತ ದೊಡ್ಡ ಕಾರಣವೆಂಬುದು ನನ್ನ ದೃಢವಾದ ಅಭಿಪ್ರಾಯ. ಮುಂದೆ 1963ರಲ್ಲಿ ಬೆಂಗಳೂರಿನಲ್ಲಿ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜನ್ನು ಸ್ಥಾಪಿಸಿದ ಕ್ಯಾಥೊಲಿಕ್ ಧರ್ಮಾಧ್ಯಕ್ಷರು, ಅಲ್ಲಿ ಪದವಿ ಪಡೆದವರು ಹಳ್ಳಿಗಾಡಿನ ಆಸ್ಪತ್ರೆಗಳಲ್ಲಿ ಸೇವೆ ಸಲ್ಲಿಸುವ ಕಟ್ಟಳೆಯನ್ನೂ ಬೆಳೆಸಿದರು.

ಇತ್ತ ಉತ್ತರ ಕರ್ನಾಟಕದಲ್ಲಿ ಲಿಂಗಾಯತ ಸಮುದಾಯದ ಹಿರಿಯರು ಎಚ್ಚೆತ್ತಿದ್ದರು. ಮುಂಬಯಿ ಪ್ರಾಂತದ ಅಂಚಿನಲ್ಲಿ ಅನಾದರಕ್ಕೆ ಗುರಿಯಾಗಿದ್ದ ಆ ಸೀಮೆಯಲ್ಲಿ ಸಿರಸಂಗಿಯ ಲಿಂಗರಾಜ ದೇಸಾಯರು ತಮ್ಮ ಸಂಸ್ಥಾನದ ಆಸ್ತಿಯನ್ನೇ ಸಮುದಾಯದ ಮಕ್ಕಳ ವಿದ್ಯೆಗೆಂದು ಮೃತ್ಯುಪತ್ರ ಬರೆದಿಟ್ಟು 1906ರಲ್ಲಿ ಕಾಲವಾದರು. ವಾರಸುದಾರಿಕೆಗಾಗಿ ರಕ್ತ ಹರಿಸಿದ ಅರಸುಮನೆಗಳ ಕಥೆ ಓದಿ ಬೆಳೆದ ನಮಗೆ ಆ ಒಂದು ಕಾಗದದ ಘನತೆ ಸುಲಭವಾಗಿ ಅರ್ಥವಾಗುತ್ತದೆ. 1916ರಲ್ಲಿ ಬೆಳಗಾವಿಯಲ್ಲಿ ಏಳು ಮಂದಿ ಶಿಕ್ಷಕರು, ಜನ ಸಪ್ತರ್ಷಿಗಳೆಂದು ಕರೆದವರು, ಶಾಲೆಯೊಂದರಿಂದ ಆರಂಭಿಸಿದ ಕೆ.ಎಲ್.ಇ. ಸಂಸ್ಥೆ 1963ರಲ್ಲಿ ವೈದ್ಯಕೀಯ ಕಾಲೇಜಿನವರೆಗೆ ಬೆಳೆಯಿತು. ವಚನಗಳ ತಾಳೆಗರಿಗಳನ್ನು ಅರಸಿ ಊರೂರು ಅಲೆದ ಫ.ಗು. ಹಳಕಟ್ಟಿಯವರು 1910ರಲ್ಲಿ ವಿಜಯಪುರದಲ್ಲಿ ನೆಟ್ಟ ಬಿ.ಎಲ್.ಡಿ.ಇ. ಎಂಬ ಸಸಿಯೂ 1986ರ ಹೊತ್ತಿಗೆ ಅದೇ ಫಲವನ್ನು ಕೊಟ್ಟಿತು.

ದಕ್ಷಿಣದಲ್ಲಿ ಈ ಪರ್ವದ ನಾಯಕರು ಸುತ್ತೂರಿನ ಶಿವರಾತ್ರಿ ರಾಜೇಂದ್ರ ಸ್ವಾಮಿಗಳು. ಅವರು ಕಾಲೇಜಿನಿಂದ ಆರಂಭಿಸಲಿಲ್ಲ, ಅನ್ನದಿಂದ ಆರಂಭಿಸಿದರು. ಹಳ್ಳಿಯ ಹುಡುಗನಿಗೆ ಮೈಸೂರಿನಲ್ಲಿ ತಂಗಲು ಚಾವಣಿ, ಎರಡು ಹೊತ್ತಿನ ಪ್ರಸಾದ, ಆಮೇಲೆ ಶಾಲೆ, 1954ರಲ್ಲಿ ಜೆ.ಎಸ್.ಎಸ್. ಮಹಾವಿದ್ಯಾಪೀಠ, ಮೂರು ದಶಕಗಳ ತರುವಾಯ 1984ರಲ್ಲಿ ವೈದ್ಯಕೀಯ ಕಾಲೇಜು. ಈ ಕ್ರಮದಲ್ಲಿ ಗಹನವಾದ ವಿವೇಕವಿದೆ. ಹಸಿದ ಬಾಲಕನಿಗೆ ವೈದ್ಯನಾಗೆಂದು ಹರಸಿದರೆ ಸಾಲದು. ಆ ಹರಕೆ ಫಲಿಸುವವರೆಗೆ ಅವನನ್ನು ಪಂಕ್ತಿಯಲ್ಲಿ ಕೂರಿಸಿ ಉಣಬಡಿಸಬೇಕು. ಆದಿಚುಂಚನಗಿರಿಯ ಬಾಲಗಂಗಾಧರನಾಥ ಸ್ವಾಮಿಗಳು ವೈದ್ಯಕೀಯ ಕಾಲೇಜನ್ನು ರಾಜಧಾನಿಯಲ್ಲಿ ಕಟ್ಟದೆ ನಾಗಮಂಗಲ ತಾಲ್ಲೂಕಿನ ಬೆಳ್ಳೂರಿನ ಬಯಲಲ್ಲಿ ಕಟ್ಟಿಸಿದರು. ಒಕ್ಕಲು ಮಕ್ಕಳು ತಮ್ಮ ಹೊಲದ ಬದುವಿನಿಂದಲೇ ಆ ಕಟ್ಟಡ ಕಂಡರು, ಅದು ತಮ್ಮದೆಂದು ತಿಳಿದರು.

ಆದರೂ ಈ ಪರ್ವ ಪೂರ್ಣಗೊಂಡಿಲ್ಲ. ಇಂದಿನ ಪೀಠಗಳು ವೈದ್ಯರನ್ನು ವೇದಿಕೆಗೆ ಕರೆದು ಶಾಲು ಹೊದಿಸಿ ಫಲತಾಂಬೂಲ ನೀಡುತ್ತವೆ. ಬಾಣಂತಿಯ ಮನೆಬಾಗಿಲಿಗೆ ಹೋಗುವ ಆಶಾ ಕಾರ್ಯಕರ್ತೆ, ರೋಗಿಯ ಮಗ್ಗುಲು ಬದಲಿಸುವ ನರ್ಸ್, ರಕ್ತಪರೀಕ್ಷೆ ಮಾಡುವ ತಂತ್ರಜ್ಞ ಆ ವೇದಿಕೆಯ ಮೇಲೆ ವಿರಳ. ಗಂಡುಮಗನನ್ನು ನರ್ಸಿಂಗ್‌ಗೆ ಸೇರಿಸಲು ನಾಚುವ ತಂದೆಯೂ, ಸೊಸೆ ರಾತ್ರಿ ಪಾಳಿಗೆ ಹೋಗುವಳೆಂದು ಸಂಬಂಧವನ್ನೇ ಮುರಿಯುವ ಬೀಗರೂ ಇನ್ನೂ ಇದ್ದಾರೆ. ಸರ್ಕಾರದ ಸುತ್ತೋಲೆ ಅವರ ಮನಸ್ಸನ್ನು ಮುಟ್ಟದು. ಜಾತ್ರೆಯ ಸಭೆಯಲ್ಲಿ ಸ್ವಾಮಿಗಳು, ಶುಕ್ರವಾರದ ಪ್ರವಚನದಲ್ಲಿ ಮೌಲ್ವಿಗಳು, ಭಾನುವಾರದ ಪೂಜೆಯಲ್ಲಿ ಗುರುಗಳು ಆ ಊರಿನದೇ ನರ್ಸನ್ನು ಹೆಸರು ಹಿಡಿದು ಕರೆದು ಎಬ್ಬಿಸಿ ನಿಲ್ಲಿಸಿ, ಇವಳದು ನಮ್ಮ ಕಾಯಕಕ್ಕಿಂತ ಕಡಿಮೆಯಲ್ಲವೆಂದು ನುಡಿದರೆ ಆ ಬೀಗರು ಕೇಳುತ್ತಾರೆ. ಕೋಡಿಯ ಮಠದ ವಾರಸುದಾರರಾದ ನಾವು ನಮ್ಮ ಗುರುಗಳಲ್ಲಿ ಇದನ್ನು ಹಕ್ಕಿನಿಂದಲೇ ಬೇಡಬಹುದು.