ಅರಿವೆ ಒಣಗಿಸುವ ಗಾಳಿ, ಅರಿವೆ ಒಣಗಿಸುವ ಯಂತ್ರ

ಮಡಿವಾಳ ಮಾಚಿದೇವರು ಹುಟ್ಟಿದ ದೇವರ ಹಿಪ್ಪರಗಿ ಇತ್ತೀಚಿನವರೆಗೂ ಸಿಂದಗಿ ತಾಲೂಕಿನಲ್ಲಿತ್ತು. ಈಗ ಅದೇ ಒಂದು ತಾಲೂಕು ಕೇಂದ್ರ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣಕ್ಕೆ ಹೋಗಿ, ಶರಣರ ಬಟ್ಟೆಗಳನ್ನು ಮಡಿ ಮಾಡುವುದನ್ನೇ ಕಾಯಕವಾಗಿಸಿಕೊಂಡ ಈ ಮಹನೀಯರ ಪಾಠವನ್ನು ನಾನು ಈ ಭಾಗದ ಶಾಲೆಗಳಲ್ಲಿ ಎಷ್ಟೋ ಸಲ ಮಾಡಿದ್ದೇನೆ. ಅವರ ನಿಷ್ಠುರತೆಯ ಬಗ್ಗೆ, ಪವಾಡಗಳ ಬಗ್ಗೆ ಮಕ್ಕಳು ಕೇಳುತ್ತಿದ್ದರು. ಒಗೆದ ಬಟ್ಟೆಯನ್ನು ಒಣಗಿಸಲು ಅವರಿಗೆ ಎಷ್ಟು ಖರ್ಚು ಬಿತ್ತು ಎಂದು ಮಾತ್ರ ಯಾರೂ ಕೇಳಲಿಲ್ಲ. ಕೇಳುವ ಕಾರಣವೇ ಇರಲಿಲ್ಲ. ನಮ್ಮ ಕಡೆ ಅರಿವೆ ತಾನಾಗಿಯೇ ಒಣಗುತ್ತದೆ.

ಆ ಪ್ರಶ್ನೆಯನ್ನು ಈಗ ಬೆಂಗಳೂರಿನಲ್ಲಿರುವ ನನ್ನ ಮಗಳು ಕೇಳಿದ್ದಾಳೆ. "ಅಪ್ಪಾ, ಅರಿವಿ ಒಣಗ್ಸೋ ಮಶೀನ್ ತಗೋಬೇಕಂತ ಮಾಡೀವಿ. ಕರೆಂಟ್ ಕಮ್ಮಿ ತಿನ್ನೋದು ಯಾವ್ದು, ನೋಡಿ ಹೇಳ್ರಿ" ಎಂದಳು. ನಿವೃತ್ತ ಮಾಸ್ತರನಿಗೆ ಬಿಡುವು ಹೆಚ್ಚು. ಯಂತ್ರಗಳ ಪತ್ರಕಗಳನ್ನು ಓದಿದೆ, ಜೊತೆಗೆ ಈ ಕೆಲಸದ ಇತಿಹಾಸವನ್ನೂ ಓದಿದೆ. ಅದನ್ನೇ ಓದುಗ ಮಿತ್ರರ ಮುಂದಿಡುತ್ತಿದ್ದೇನೆ.

ಮಡಿವಾಳರ ಹಳೆಯ ಪದ್ಧತಿಯಲ್ಲಿ ಉರುವಲು ಬೇಕಾಗುತ್ತಿದ್ದುದು ಒಂದೇ ಹಂತದಲ್ಲಿ. ಬಟ್ಟೆಗೆ ಸವಳು ಮಣ್ಣಿನ ನೀರು ಹಿಡಿಸಿ, ದೊಡ್ಡ ಮಡಕೆಗಳ ಮೇಲೆ ಪೇರಿಸಿ, ಉಬ್ಬೆಗೆ ಹಾಕುತ್ತಿದ್ದರು. ಆ ಆವಿಯಲ್ಲಿ ಕೊಳೆ ಸಡಿಲುತ್ತಿತ್ತು. ಆಮೇಲೆಲ್ಲ ಹಳ್ಳದ ನೀರು, ಬಂಡೆಗಲ್ಲು, ತೋಳಿನ ಬಲ. ಹಿಂಡಿದ ಬಟ್ಟೆಯನ್ನು ಹಗ್ಗದ ಮೇಲೋ ದಂಡೆಯ ಗರಿಕೆಯ ಮೇಲೋ ಹರವಿದರೆ ಮುಗಿಯಿತು.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಹವೆಯೇ ಅಂಥದು. ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ, ಅದೂ ನಂಬಿಕೆಗೆ ಬಾರದ್ದು. ಮೇ ತಿಂಗಳಲ್ಲಿ ಉಷ್ಣತೆ 40 ಡಿಗ್ರಿ ದಾಟುತ್ತದೆ. 1876ರಿಂದ 1878ರವರೆಗಿನ ದೊಡ್ಡ ಬರವನ್ನು ಕಂಡ ಸೀಮೆಯಿದು. ಬೆಳೆಗೆ ಶಾಪವಾದ ಆ ಒಣ ಹವೆ ಅರಿವೆಗೆ ಮಾತ್ರ ವರ. ಮಾಳಿಗೆಯ ಮೇಲೆ ಹಾಕಿದ ಧೋತರ, ಕೆಳಗೆ ಒಂದು ಚಹಾ ಕುಡಿದು ಮೇಲೆ ಹೋಗುವಷ್ಟರಲ್ಲಿ ಗರಿಗರಿಯಾಗಿರುತ್ತದೆ.

ಒಣಗಿಸುವುದು ಬಿಸಿಲು ಎಂದು ನಾವು ಹೇಳುತ್ತೇವೆ. ಅದು ಅರ್ಧ ಸತ್ಯ. ನೀರನ್ನು ಹೊತ್ತೊಯ್ಯುವುದು ಗಾಳಿ. ಗಾಳಿ ಒಣದಾಗಿದ್ದು ಬೀಸುತ್ತಿದ್ದರೆ ನೆರಳಿನಲ್ಲಿಯೂ ಬಟ್ಟೆ ಒಣಗುತ್ತದೆ; ಗಾಳಿಯೇ ತೇವವಾಗಿದ್ದರೆ ಬೆಂಕಿಯ ಪಕ್ಕದಲ್ಲಿಯೂ ತಡವಾಗುತ್ತದೆ. ಇದಕ್ಕೆ ಸಾಕ್ಷಿ ಬೇಕಾದವರು ನಮ್ಮ ಜಿಲ್ಲೆಯ ಒಣದ್ರಾಕ್ಷಿ ಶೆಡ್ಡುಗಳನ್ನು ನೋಡಬೇಕು. ಹಣ್ಣಿನ ಗೊಂಚಲುಗಳನ್ನು ದ್ರಾವಣದಲ್ಲಿ ಅದ್ದಿ, ಅಂತಸ್ತು ಅಂತಸ್ತಾಗಿ ಕಟ್ಟಿದ ಬಲೆಗಳ ಮೇಲೆ ಹರವುತ್ತಾರೆ. ಮೇಲೆ ನೆರಳು, ನಾಲ್ಕೂ ಕಡೆ ಗಾಳಿ. ಎರಡು ಮೂರು ವಾರಗಳಲ್ಲಿ ದ್ರಾಕ್ಷಿ ಒಣಗುತ್ತದೆ, ಒಲೆ ಹೊತ್ತಿಸದೆ. ನೇರ ಬಿಸಿಲಿಗೆ ಹಾಕಿದರೆ ಬಣ್ಣ ಕೆಡುತ್ತದೆಂದು ರೈತನಿಗೆ ಗೊತ್ತು.

ಯಂತ್ರ ಹುಟ್ಟಿದ್ದು ಈ ಗಾಳಿ ಇಲ್ಲದ ಕಡೆ. 1800ರ ಸುಮಾರಿಗೆ ಫ್ರಾನ್ಸಿನಲ್ಲಿ ಪೋಶೋ ಎಂಬಾತ ತೂತುಗಳುಳ್ಳ ಲೋಹದ ಪೀಪಾಯಿಯನ್ನು ಬೆಂಕಿಯ ಮೇಲೆ ಕೈಯಿಂದ ತಿರುಗಿಸುವ ಉಪಕರಣ ಮಾಡಿದ. ಬಟ್ಟೆಗೆ ಹೊಗೆಯ ವಾಸನೆ ಹತ್ತುವುದು ತಪ್ಪುತ್ತಿರಲಿಲ್ಲ. 1892ರಲ್ಲಿ ಅಮೆರಿಕದ ಕಪ್ಪು ಜನಾಂಗದ ಸಂಶೋಧಕ ಜಾರ್ಜ್ ಸ್ಯಾಂಪ್ಸನ್, ಒಲೆಯ ಶಾಖಕ್ಕೆ ಬಟ್ಟೆಯನ್ನು ಹಿಡಿಯುವ ಚೌಕಟ್ಟಿಗೆ ಪೇಟೆಂಟ್ ಪಡೆದರು. ವಿದ್ಯುತ್ ಯಂತ್ರದ ಕತೆ ಬರುವುದು ನಾರ್ತ್ ಡಕೋಟಾದಿಂದ. ಅಲ್ಲಿಯ ಚಳಿಗಾಲದಲ್ಲಿ ಹಗ್ಗದ ಮೇಲಿನ ಬಟ್ಟೆ ಹಲಗೆಯಂತೆ ಹೆಪ್ಪುಗಟ್ಟುತ್ತದೆ. ರಾಸ್ ಮೂರ್ ಎಂಬುವರು ವರ್ಷಗಟ್ಟಲೆ ದುಡಿದು ರೂಪಿಸಿದ ಯಂತ್ರವನ್ನು ಹ್ಯಾಮಿಲ್ಟನ್ ಕಂಪನಿ 1938ರಲ್ಲಿ ಮಾರುಕಟ್ಟೆಗೆ ತಂದಿತು. ಇಟ್ಟ ಹೆಸರು 'ಜೂನ್ ಡೇ', ಜೂನ್ ತಿಂಗಳ ಒಂದು ದಿನ. ಅವರಿಗೆ ಜೂನ್ ಎಂದರೆ ಬಿಸಿಲು. ನಮಗೆ ಮೃಗಶಿರಾ ಮಳೆ!

ವಿಚಿತ್ರವೆಂದರೆ, ಮುಂದೆ ಅದೇ ದೇಶದ ಕೆಲವು ಬಡಾವಣೆಗಳಲ್ಲಿ ಹಗ್ಗದ ಮೇಲೆ ಬಟ್ಟೆ ಹಾಕುವುದೇ ನಿಷಿದ್ಧವಾಯಿತು, ನೋಡಲು ಚೆನ್ನಾಗಿಲ್ಲವಂತೆ. ಫ್ಲಾರಿಡಾ, ವರ್ಮಾಂಟ್ ಮೊದಲಾದ ರಾಜ್ಯಗಳು ಹಗ್ಗ ಕಟ್ಟುವ ಹಕ್ಕನ್ನು ಕಾನೂನಿನಿಂದ ಕಾಪಾಡಬೇಕಾಯಿತು. ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿಯೂ ಇಂಥ ನಿಯಮಗಳಿವೆಯೆಂದು ಮಗಳು ಹೇಳಿದಾಗ ನನಗೆ ನಗು ಬರಲಿಲ್ಲ.

ಯಂತ್ರವೇ ಬೇಡವೆಂದು ನಾನು ಹೇಳಲಾರೆ. ಬಿಸಿಲನ್ನು ಹೊಗಳುವ ಗಂಡಸರಲ್ಲಿ ಹೆಚ್ಚಿನವರು ಒಂದು ಹಸಿ ಜಮಖಾನೆಯನ್ನು ಹಿಂಡಿ ಮಾಳಿಗೆಗೆ ಹೊತ್ತವರಲ್ಲ, ಹೊತ್ತವರು ತಾಯಂದಿರು. ಗಂಡ ಹೆಂಡತಿ ಇಬ್ಬರೂ ದುಡಿಯುವ ಮನೆ, ಎಳೆ ಕೂಸು, ನಾಲ್ಕು ದಿನ ಬಿಡದ ಜಡಿಮಳೆ, ಅಂಗೈಯಗಲದ ಬಾಲ್ಕನಿ. ಅಲ್ಲಿ ಅದು ಶೋಕಿಯ ವಸ್ತುವಲ್ಲ. ಆದರೆ ಅದಕ್ಕೆ ಬೇಕಾದ ಬೆಂಕಿ ಎಲ್ಲೋ ಒಂದು ಕಡೆ ಉರಿಯಲೇಬೇಕು. ಅದು ಉರಿಯುವ ಸ್ಥಳಗಳಲ್ಲಿ ಒಂದು ನಮ್ಮ ಊರ ಪಕ್ಕದಲ್ಲಿದೆ.

1964ರ ಮೇ 22ರಂದು ಲಾಲ್ ಬಹಾದೂರ್ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಅಣೆಕಟ್ಟೆಗೆ ಅಡಿಗಲ್ಲು ಹಾಕಿದರು. ಕೃಷ್ಣೆ ನಿಂತಾಗ ಹಳ್ಳಿಗಳು ಮುಳುಗಿದವು, ಅವುಗಳ ಒಗೆಯುವ ಬಂಡೆಗಳೂ ಮುಳುಗಿದವು. 2006ರಲ್ಲಿ ರಾಷ್ಟ್ರಪತಿ ಅಬ್ದುಲ್ ಕಲಾಂ ಅವರು ಆಣೆಕಟ್ಟೆಯನ್ನು ನಾಡಿಗೆ ಸಮರ್ಪಿಸಿದರು. ಆ ಹಿನ್ನೀರಿನ ಆಸರೆಯಲ್ಲಿ ಹಳೆಯ ಬಸವನ ಬಾಗೇವಾಡಿ ತಾಲೂಕಿನ ಕೂಡಗಿಯಲ್ಲಿ ಎನ್‌ಟಿಪಿಸಿಯ ಉಷ್ಣ ವಿದ್ಯುತ್ ಸ್ಥಾವರ ಎದ್ದಿತು. 800 ಮೆಗಾವಾಟಿನ ಮೂರು ಘಟಕಗಳು, ಒಟ್ಟು 2400. ಬೂದಿಗೆ, ಹೊಗೆಗೆ, ನೀರು ಕೆಡುವುದಕ್ಕೆ ಹೆದರಿದ ರೈತರು ವಿರೋಧಿಸಿದರು. 2014ರ ಜುಲೈನಲ್ಲಿ ಪ್ರತಿಭಟನೆಯ ಮೇಲೆ ಗೋಲಿಬಾರೂ ಆಯಿತು. ಈಗ ಕಲ್ಲಿದ್ದಲು ದೂರದ ಗಣಿಗಳಿಂದ ರೈಲಿನಲ್ಲಿ ಬರುತ್ತದೆ, ಕರೆಂಟು ತಂತಿಯಲ್ಲಿ ದೂರದ ಊರುಗಳಿಗೆ ಹೋಗುತ್ತದೆ, ಬೂದಿ ಇಲ್ಲಿ ಉಳಿಯುತ್ತದೆ.

ಮಗಳಿಗೆ ಬರೆದು ಕಳಿಸಿದ ಲೆಕ್ಕ ಹೀಗಿದೆ. ಒಂದು ಲೀಟರ್ ನೀರನ್ನು ಆವಿ ಮಾಡಲು ಸರಿಸುಮಾರು 0.65 ಯೂನಿಟ್ಟಿನಷ್ಟು ಶಾಖ ಬೇಕು. ಇದು ಪ್ರಕೃತಿಯ ನಿಯಮ, ಯಾವ ಕಂಪನಿಯೂ ಇದನ್ನು ತಿದ್ದಲಾರದು. ಏಳು ಕಿಲೋ ಬಟ್ಟೆ ಒಗೆಯುವ ಯಂತ್ರದಿಂದ ಹೊರಬರುವಾಗ ಸುಮಾರು ನಾಲ್ಕು ಲೀಟರ್ ನೀರನ್ನು ಹೊತ್ತಿರುತ್ತದೆ. ಬರೀ ತಂತಿಯನ್ನು ಕಾಯಿಸಿ ಒಣಗಿಸುವ ಸಾಧಾರಣ ಯಂತ್ರಕ್ಕೆ ಒಂದು ಸಲಕ್ಕೆ ನಾಲ್ಕು ಯೂನಿಟ್ ಆಸುಪಾಸು ಬೇಕು. ಕೂಡಗಿಯ ಲೆಕ್ಕದಲ್ಲಿ ಅದು ಎರಡು ಕಿಲೋಗೂ ಮಿಕ್ಕಿದ ಕಲ್ಲಿದ್ದಲು.

ಹೀಟ್ ಪಂಪ್ ಎಂಬ ಬಗೆಯ ಯಂತ್ರ ಸುಮಾರು ಅದರ ಅರ್ಧದಲ್ಲಿ ಕೆಲಸ ಮುಗಿಸುತ್ತದೆ. ಫ್ರಿಜ್ಜಿನ ತತ್ತ್ವವೇ ಇಲ್ಲಿಯೂ. ತೇವದ ಗಾಳಿಯನ್ನು ತಂಪು ಮಾಡಿ ನೀರನ್ನು ಇಳಿಸಿ, ಆಗ ಸಿಕ್ಕ ಶಾಖದಿಂದಲೇ ಅದೇ ಗಾಳಿಯನ್ನು ಮತ್ತೆ ಬೆಚ್ಚಗೆ ಮಾಡುತ್ತದೆ. ಬಿಸಿಗಾಳಿಯನ್ನು ಹೊರಗೆ ಎಸೆಯುವುದಿಲ್ಲ. ಬೆಲೆ ಹೆಚ್ಚು, ಹೊತ್ತೂ ಹೆಚ್ಚು ಹಿಡಿಯುತ್ತದೆ. ಆದರೆ ಶಾಖ ಕಡಿಮೆಯಾದ್ದರಿಂದ ನೂಲು ಬೇಗ ಸವೆಯುವುದಿಲ್ಲ. ಸ್ವಿಟ್ಜರ್ಲೆಂಡ್ 2012ರಿಂದಲೇ ಹಳೆಯ ಬಗೆಯ ಮಾರಾಟವನ್ನು ನಿಲ್ಲಿಸಿತು. 2025ರ ಜುಲೈಯಿಂದ ಯುರೋಪಿಯನ್ ಒಕ್ಕೂಟದ ನಿಯಮವೂ ಆ ದಾರಿಗೆ ಬಂದಿದೆ.

ಯಂತ್ರಕ್ಕಿಂತ ಮೊದಲು ಹಿಂಡುವುದನ್ನು ನೋಡು ಎಂದೂ ಬರೆದೆ. ಒಗೆಯುವ ಯಂತ್ರದ ಸ್ಪಿನ್ ನಿಮಿಷಕ್ಕೆ 1000ದಿಂದ 1400 ಸುತ್ತಿಗೆ ಏರಿದರೆ ಅರ್ಧ ಲೀಟರಿನಷ್ಟು ನೀರು ಮೊದಲೇ ಹೋಗುತ್ತದೆ. ತಿರುಗಿಸಿ ನೀರು ತೆಗೆಯುವುದು ಕಾಯಿಸಿ ತೆಗೆಯುವುದಕ್ಕಿಂತ ಬಹಳ ಅಗ್ಗ. ಇನ್ನು ಕಿಟಕಿ ತೆರೆದ ಕೋಣೆಯಲ್ಲಿ ಸ್ಟ್ಯಾಂಡಿನ ಮೇಲೆ ಬಟ್ಟೆ ಹರವಿ 30 ವಾಟಿನ ಫ್ಯಾನನ್ನು ಎಂಟು ಗಂಟೆ ಹಾಕಿದರೆ ಕಾಲು ಯೂನಿಟ್ಟೂ ಆಗದು. ನಮ್ಮ ದ್ರಾಕ್ಷಿ ಶೆಡ್ಡಿನ ವಿದ್ಯೆಯೇ ಅದು. ಜಡಿಮಳೆಯ ವಾರಗಳಿಗೆ ಮಾತ್ರ ಯಂತ್ರ ಸಾಕು.

ಕೊಳ್ಳುವಾಗ ನೋಡಬೇಕಾದ್ದು ಇನ್ನೆರಡಿವೆ. ಬಟ್ಟೆ ಒಣಗಿದ್ದನ್ನು ತಾನೇ ಅರಿತು ನಿಲ್ಲುವ ಸೆನ್ಸರ್ ಇರಬೇಕು. ಬರೀ ಗಡಿಯಾರ ನೋಡಿ ಓಡುವ ಯಂತ್ರ ಒಣಗಿದ್ದನ್ನೇ ಮತ್ತೆ ಒಣಗಿಸುತ್ತದೆ. ನೂಲಿನ ಧೂಳು ಸೇರುವ ಜಾಲರಿಯನ್ನು ಪ್ರತಿಸಲ ತೆಗೆದು ತೊಳೆಯಲು ಬರಬೇಕು. ಅದು ಕಟ್ಟಿಕೊಂಡರೆ ಖರ್ಚೂ ಏರುತ್ತದೆ, ಬೆಂಕಿಯ ಭಯವೂ ಉಂಟು. ಒಗೆದು ಒಣಗಿಸುವ ಎರಡೂ ಕೆಲಸದ ಯಂತ್ರವಾದರೆ, ಮೇಲೆ ಅಂಟಿಸಿದ ನಕ್ಷತ್ರಗಳು ಒಗೆತಕ್ಕೆ ಕೊಟ್ಟವು. ಒಣಗಿಸಲು ಒಂದು ಸಲಕ್ಕೆ ಎಷ್ಟು ಯೂನಿಟ್ ಎಂಬುದನ್ನು ಅಂಗಡಿಯವರಿಂದ ಬೇರೆಯಾಗಿ ಕೇಳಿ, ಬರೆಸಿಕೊಳ್ಳಬೇಕು. ಮತ್ತೆ, ಅವಳ ಅವ್ವನ ಇಳಕಲ್ ಸೀರೆಯನ್ನು ಯಾವ ಯಂತ್ರಕ್ಕೂ ಹಾಕುವಂತಿಲ್ಲ. ಅದನ್ನು ಊರಿಗೆ ತಂದರೆ ಮಾಳಿಗೆಯ ಮೇಲೆ, ನೆರಳಿನಲ್ಲಿ, ನಾನೇ ಒಣಗಿಸಿ ಕೊಡುತ್ತೇನೆ.