ಒಂದು ಬ್ರೇಕ್, ನಮ್ಮ ಮೂರು ಕ್ರಿಯಾಪದ

ನಮ್ಮ ಸಿಂಧನೂರು, ಲಿಂಗಸುಗೂರು, ಮಸ್ಕಿ ಕಡೆ ಕಾಲುವೆ ಒಡೀತದ, ನೇಗಿಲು ಮುರೀತದ, ಹಗ್ಗ ಹರೀತದ. ಹಗ್ಗ ಮುರೀತು ಅಂದರೆ ಸಣ್ಣ ಹುಡುಗರೂ ನಗ್ತಾರೆ. ಇಂಗ್ಲಿಷಿನಲ್ಲಿ ಈ ಮೂರಕ್ಕೂ 'ಬ್ರೇಕ್' ನಡೆಯುತ್ತದೆ. ಕಾಲುವೆ ಒಡೆದಾಗ ಪೇಪರಿನವರು ಬರೆಯುವ 'ಬ್ರೀಚ್' ಕೂಡ ಅದರ ದಾಯಾದಿಯೇ.

ಕೆಲಸದ ಸಲುವಾಗಿ ಕೊರಿಯಾದವರ ಜೊತೆ ಮಾತಾಡುವಾಗ ಒಂದು ಮಜಾ ವಿಷಯ ಸಿಕ್ಕಿತು. ಅವರಲ್ಲೂ ಗಾಜು ಒಡೆದರೆ ಕ್ಕೆಜಿದಾ, ಕೋಲು ಮುರಿದರೆ ಬುರೊಜಿದಾ, ದಾರ ಹರಿದರೆ ಕ್ಕುನೊಜಿದಾ. ಥೇಟ್ ನಮ್ಮ ಹಾಗೇ!

ಹಾಗಾದರೆ ನಾವು ನೆಂಟರಾ? ಹಾಗಂತ ವಾದಿಸಿದವರೊಬ್ಬರಿದ್ದರು. 1886ರಲ್ಲಿ ಸಿಯೋಲಿಗೆ ಇಂಗ್ಲಿಷ್ ಕಲಿಸಲು ಹೋದ ಅಮೆರಿಕದ ಹೋಮರ್ ಹಲ್ಬರ್ಟ್, 1905ರಲ್ಲಿ ಕೊರಿಯನ್ ಮತ್ತು ದ್ರಾವಿಡ ಭಾಷೆಗಳ ವ್ಯಾಕರಣವನ್ನು ಹೋಲಿಸಿ ಒಂದು ಪುಸ್ತಕವನ್ನೇ ಬರೆದರು. ಕಾಲ್ಡ್‌ವೆಲ್ ಅವರ ದ್ರಾವಿಡ ವ್ಯಾಕರಣ ಬಂದು (1856) ಆಗ ಅರ್ಧ ಶತಮಾನವಾಗಿತ್ತು. ಇಂದಿನ ಭಾಷಾಶಾಸ್ತ್ರಜ್ಞರು ಈ ನೆಂಟಸ್ತನವನ್ನು ಒಪ್ಪುವುದಿಲ್ಲ. ಕ್ರಿಯಾಪದ ವಾಕ್ಯದ ಕೊನೆಗೆ ಬರುವುದು, ಪ್ರತ್ಯಯಗಳು ಸಾಲಾಗಿ ಅಂಟುವುದು ಸಂಬಂಧವೇ ಇಲ್ಲದ ಭಾಷೆಗಳಲ್ಲೂ ಉಂಟು.

ವ್ಯತ್ಯಾಸವೂ ಇದೆ. ನಾವು 'ಗಡಿಗೆ ಒಡೆಯಿತು', 'ಅವನು ಗಡಿಗೆ ಒಡೆದ' ಎರಡಕ್ಕೂ ಒಂದೇ ಧಾತು ಬಳಸುತ್ತೇವೆ. ಇಂಗ್ಲಿಷಿನ ಬ್ರೇಕ್ ಕೂಡ ಹಾಗೇ. ಕೊರಿಯನ್ನರಲ್ಲಿ ತಾನಾಗಿ ಒಡೆದರೆ ಕ್ಕೆಜಿದಾ, ಯಾರಾದರೂ ಒಡೆದರೆ ಕ್ಕೆದಾ. ಹಾಗಾಗಿ 'ಬ್ರೋಕ್' ಸಾಕಾಗುವ ಕಡೆಯೂ ಅವರಲ್ಲಿ ಕಲಿಯುವವರು 'ವಾಸ್ ಬ್ರೋಕನ್' ಅನ್ನುವುದುಂಟು. ಇಲ್ಲಿ ನಮಗೇ ಸಲೀಸು.

ನಮ್ಮ ಹುಡುಗರು ಎಡವುವುದು ಇನ್ನೊಂದು ಕಡೆ. ಒಡೆದ, ಮುರಿದ, ಹರಿದ ಎಲ್ಲಕ್ಕೂ 'ದ' ಹಚ್ಚಿ ರೂಢಿಯಾದವರು ಬ್ರೇಕಿಗೂ 'ಡ್' ಹಚ್ಚಿ 'ಬ್ರೇಕ್ಡ್' ಅಂತಾರೆ. ಕ್ಲಾಸೆಲ್ಲಾ ನಗುತ್ತದೆ. ಹಳೆ ಇಂಗ್ಲಿಷಿನಲ್ಲಿ ಸ್ವರ ಬದಲಾಗಿ ಭೂತಕಾಲವಾಗುವ ಕ್ರಿಯಾಪದಗಳು ಬಹಳ ಇದ್ದವು. 'ಹೆಲ್ಪ್' ಕೂಡ ಒಂದು ಕಾಲಕ್ಕೆ 'ಹೋಲ್ಪ್' ಆಗುತ್ತಿತ್ತು. ಇಂಗ್ಲಿಷರೇ ಅದಕ್ಕೆ 'ಡ್' ಹಚ್ಚಿ ಸರಳ ಮಾಡಿಕೊಂಡರು. ಬ್ರೇಕ್ ಮಾತ್ರ ಹಳೇ ದಾರಿಯಲ್ಲೇ ಉಳಿಯಿತು.

1948ರವರೆಗೆ ನಿಜಾಮರ ರಾಜ್ಯದಲ್ಲಿದ್ದ ನಮ್ಮ ಅಜ್ಜಂದಿರು ನೌಕರಿಗಾಗಿ ಉರ್ದು ಕಲಿತರು, ನಾವು ಇಂಗ್ಲಿಷ್ ಕಲಿತೆವು. ಕನ್ನಡ ಮೀಡಿಯಂ ಹುಡುಗ 'ಬ್ರೇಕ್ಡ್' ಅಂದಾಗ ನಕ್ಕರೆ, ಅವನು ಮುಂದೆ ಇಂಟರ್‌ವ್ಯೂನಲ್ಲೂ ಬಾಯಿ ಬಿಡುವುದಿಲ್ಲ. 'ಬ್ರೋಕ್' ಅಂತ ತಿದ್ದೋಣ, ಜೊತೆಗೆ ಈ ಕಥೆಯನ್ನೂ ಹೇಳೋಣ.

ಅಂದಹಾಗೆ, ನಿಮ್ಮೂರ ಕಡೆ ಹಗ್ಗ ಹರಿಯುತ್ತದೋ, ಕಡಿಯುತ್ತದೋ, ತುಂಡಾಗುತ್ತದೋ?