ನೆಲಮಾಳಿಗೆಯಿಂದ ಬೀರುವಿಗೆ

ಮದ್ಯವನ್ನು ಮುಟ್ಟದ ಮನೆಯಲ್ಲಿ ಹುಟ್ಟಿ, ಮುಟ್ಟದೆಯೇ ಅರುವತ್ತೇಳು ವರ್ಷ ಕಳೆದಿರುವ ನಾನು ದ್ರಾಕ್ಷಾರಸದ ಬೀರುವನ್ನು ಕುರಿತು ಮಾತನಾಡಹೊರಟಿರುವುದು ಶ್ರೋತೃಗಳಿಗೆ ವಿಚಿತ್ರವಾಗಿ ತೋರಬಹುದು. ಕಾರಣ ನನ್ನ ಹಳೆಯ ವಿದ್ಯಾರ್ಥಿಯೊಬ್ಬ. ಬಿ.ಎಸ್ಸಿ. ತರಗತಿಯಲ್ಲಿ ನನ್ನಿಂದ ಕನ್ನಡ ಪಾಠ ಕೇಳಿದ ಆತ ಈಗ ಫ್ರಾನ್ಸಿನ ಲಿಯಾನ್ ನಗರದಲ್ಲಿ ನೆಲೆಸಿದ್ದಾನೆ. ಅವನ ಮನೆಯಲ್ಲಿ ನಾಲ್ಕು ದಿನ ಇದ್ದೆ. ಊಟದ ಕೋಣೆಯ ಮೂಲೆಯಲ್ಲಿ ಆಳೆತ್ತರದ ಕಪ್ಪು ಬೀರು. ಒಳಗೆ ಸಾಲುಸಾಲಾಗಿ ಮಲಗಿದ ಸೀಸೆಗಳು. ತಳದ ಹಲಗೆಯ ಐದನ್ನು ತೋರಿಸಿ, “ಇವು ಮಗಳು ಹುಟ್ಟಿದ 2009ರ ಬೆಳೆ, ಸಾರ್. ಅವಳ ಮದುವೆಗೆಂದು ಇಟ್ಟಿದ್ದೇನೆ” ಎಂದ. ಅವಳು ಮದುವೆಯೇ ಬೇಡವೆಂದರೆ? ಎಂದೆ. “ಆಗಲೂ ತೆಗೆಯುತ್ತೇನೆ” ಎಂದು ನಕ್ಕ.

ಮದ್ಯ ಹಳೆಯದಾದಷ್ಟೂ ಒಳ್ಳೆಯದೆಂಬುದು ಎಲ್ಲ ಕಾಲಕ್ಕೂ ಒಪ್ಪಿತವಾದ ಮಾತೆಂದೇ ನಾನು ತಿಳಿದಿದ್ದೆ. ಹಿಂದಿರುಗಿದ ಮೇಲೆ ಓದುತ್ತ ಹೋದಂತೆ ಹಾಗಲ್ಲವೆಂದು ತಿಳಿಯಿತು.

ರೋಮನರು ಈ ಮಾತನ್ನು ನಂಬಿದ್ದರು, ನಿಜ. ಕ್ರಿ.ಪೂ. 121ರಲ್ಲಿ ಒಪಿಮಿಯಸ್ ಕಾನ್ಸಲನಾಗಿದ್ದಾಗ ಬಂದ ಬೆಳೆ ಅವರಲ್ಲಿ ಮನೆಮಾತಾಗಿತ್ತು. ಸುಮಾರು ಇನ್ನೂರು ವರ್ಷಗಳ ತರುವಾಯ ಬರೆದ ಹಿರಿಯ ಪ್ಲಿನಿಯ ಕಾಲಕ್ಕೂ ಅದು ಕೊಂಚ ಉಳಿದಿತ್ತಂತೆ. ಆದರೆ ಕಹಿ ಜೇನಿನಂತೆ ಗಟ್ಟಿಯಾಗಿ, ಬೇರೆ ಮದ್ಯಕ್ಕೆ ಚೂರು ಬೆರೆಸಲಷ್ಟೇ ಯೋಗ್ಯವಾಗಿ. ಪೆಟ್ರೋನಿಯಸ್ ತನ್ನ ಕಥೆಯಲ್ಲಿ ಹೊಸ ಸಿರಿವಂತ ಟ್ರಿಮಾಲ್ಕಿಯೋ ಕೈಯಲ್ಲಿ “ನೂರು ವರ್ಷದ ಒಪಿಮಿಯನ್” ಎಂಬ ಚೀಟಿ ಅಂಟಿಸಿದ ಜಾಡಿಗಳನ್ನು ಅತಿಥಿಗಳ ಮುಂದೆ ತರಿಸುತ್ತಾನೆ. ಚೀಟಿ ನೋಡಿ ಕುಡಿಯುವವರು ಆಗಲೂ ಇದ್ದರು! ಮದ್ಯದ ಕೋಣೆಯ ಕಿಟಕಿ ಉತ್ತರಕ್ಕಿರಬೇಕು, ಬಿಸಿಲು ತಾಗಬಾರದು ಎಂದು ವಾಸ್ತುಶಿಲ್ಪಿ ವಿಟ್ರೂವಿಯಸ್ ಬರೆದಿಟ್ಟ. ರಾಳ ಬಳಿದು ಮುಚ್ಚಿದ ಮಣ್ಣಿನ ಜಾಡಿಗಳನ್ನು ಹೊಗೆ ತಾಗುವ ಮಹಡಿಯಲ್ಲಿಟ್ಟು ಹದಗೊಳಿಸುವ ರೂಢಿಯೂ ಇತ್ತು. ನಮ್ಮ ಮಲೆನಾಡಿನ ಒಲೆಯ ಮೇಲಣ ಅಟ್ಟ ನನಗೆ ನೆನಪಾಯಿತು.

ಆಮೇಲೆ ಜಾಡಿ ಹೋಗಿ ಮರದ ಪೀಪಾಯಿ ಬಂದಿತು. ಸಾಗಿಸಲು ಹಗುರ, ಉರುಳಿಸಲು ಸುಲಭ. ಆದರೆ ಅರ್ಧ ಖಾಲಿಯಾದ ಪೀಪಾಯಿಯಲ್ಲಿ ಗಾಳಿ ತುಂಬಿ ಮದ್ಯ ಹುಳಿಯುತ್ತಿತ್ತು. ಮಧ್ಯಯುಗದ ಯೂರೋಪಿನಲ್ಲಿ ಹೊಸ ಬೆಳೆಯ ಹಡಗು ಬಂದಿತೆಂದರೆ ಹಳೆಯ ಮದ್ಯದ ಬೆಲೆ ಕುಸಿಯುತ್ತಿತ್ತು. ಹೀಗೆ ಸುಮಾರು ಸಾವಿರ ವರ್ಷ ಹಳತು ಎಂಬುದು ಹೊಗಳಿಕೆಯ ಮಾತಾಗಿರಲಿಲ್ಲ. ರುಚಿಯೆಂದು ನಾವು ತಿಳಿಯುವುದರಲ್ಲಿ ಪಾತ್ರೆಯ ಪಾಲೆಷ್ಟು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ನನಗೆ ಸಿಕ್ಕಿಲ್ಲ.

ಹಳತಿಗೆ ಮರಳಿ ಮಾನ ತಂದವನು ರಸಿಕನಲ್ಲ, ಕಾಡಿನ ಚಿಂತೆಯಿದ್ದ ದೊರೆ. ನೌಕಾಪಡೆಗೆ ಮರ ಸಾಲದೆಂದು ಇಂಗ್ಲೆಂಡಿನ ಮೊದಲನೆಯ ಜೇಮ್ಸ್ 1615ರಲ್ಲಿ ಗಾಜಿನ ಕುಲುಮೆಗಳಿಗೆ ಸೌದೆಯನ್ನು ನಿಷೇಧಿಸಿದ. ಕಲ್ಲಿದ್ದಲಿನ ಹೆಚ್ಚಿನ ಕಾವಿನಲ್ಲಿ ದಪ್ಪನೆಯ, ಕಪ್ಪುಬಣ್ಣದ, ಸುಲಭಕ್ಕೆ ಒಡೆಯದ ಸೀಸೆಗಳು ಹುಟ್ಟಿದವು. ಕಾರ್ಕಿನ ಬಿರಡೆ ಜೊತೆಗೂಡಿತು. ಆದರೂ ಬದಲಾವಣೆ ನಿಧಾನವಾಗಿಯೇ ನಡೆಯಿತು: ದಿನಚರಿಕಾರ ಸ್ಯಾಮ್ಯುಯೆಲ್ ಪೀಪ್ಸ್ 1665ರಲ್ಲಿ ತನ್ನ ನೆಲಮಾಳಿಗೆಯ ಸಂಪತ್ತನ್ನು ಹೆಮ್ಮೆಯಿಂದ ಲೆಕ್ಕಹಾಕುವಾಗ ಎಣಿಸಿದ್ದು ಪೀಪಾಯಿಗಳನ್ನೇ. ಮರುವರ್ಷ ಲಂಡನ್ ಹೊತ್ತಿ ಉರಿದಾಗ ಆತ ತೋಟದಲ್ಲಿ, ನಮ್ಮ ಹಗೇವಿನಂತೆ, ಗುಂಡಿ ತೋಡಿಸಿ ಮದ್ಯವನ್ನೂ ಪಾರ್ಮೆಸಾನ್ ಚೀಸನ್ನೂ ಹೂಳಿದ. ಈರುಳ್ಳಿಯಂತೆ ಉಬ್ಬಿದ್ದ ಸೀಸೆ ಹದಿನೆಂಟನೆಯ ಶತಮಾನದಲ್ಲಿ ನೇರವಾಯಿತು. ನೇರವಾದ್ದರಿಂದ ಅದನ್ನು ಮಲಗಿಸಬಹುದಾಯಿತು. ಮಲಗಿದ್ದರಿಂದ ಬಿರಡೆ ಒದ್ದೆಯಾಗಿ ಉಬ್ಬಿ ಗಾಳಿಯನ್ನು ತಡೆಯಿತು. ವರ್ಷಗಟ್ಟಲೆ ಕಾಯುವುದು ಅಲ್ಲಿಂದ ಸಾಧ್ಯವಾಯಿತು.

ನೆಲಮಾಳಿಗೆಯಿಲ್ಲದ ಮಹಡಿಮನೆಗಳ ಕಾಲ ಬಂದಾಗ, 1976ರಲ್ಲಿ, ಫ್ರಾನ್ಸಿನ ಯೂರೋಕೇವ್ ಸಂಸ್ಥೆ ಆ ನೆಲಮಾಳಿಗೆಯನ್ನೇ ಬೀರುವಾಗಿಸಿತು. ನನ್ನ ವಿದ್ಯಾರ್ಥಿ ಇದನ್ನು ಕೊಂಡುದಕ್ಕೆ ಹಿಂದೊಂದು ದುಃಖವಿದೆ. ಮೊದಲ ಸಂಬಳದಲ್ಲಿ ಕೊಂಡ ಒಂದು ಡಜನ್ ಸೀಸೆಗಳನ್ನು ಅವನು ಮೇಲ್ಮಹಡಿಯ ಅಡಿಗೆಮನೆಯ ಕಪಾಟಿನಲ್ಲಿಟ್ಟಿದ್ದ. 2003ರ ಆಗಸ್ಟಿನಲ್ಲಿ ಫ್ರಾನ್ಸನ್ನು ಬೇಯಿಸಿದ ಆ ಬಿಸಿಲಿಗೆ ಬಿರಡೆಗಳು ಮೇಲೆದ್ದು ರಸ ಸೋರಿತು. ಉಳಿದದ್ದು ಬೇಯಿಸಿದ ಹಣ್ಣಿನಂತೆ ನಾರುತ್ತಿತ್ತಂತೆ.

ಈಗ ಅವನು ಈ ವಿಷಯದಲ್ಲಿ ಪಂಡಿತ. ಹನ್ನೆರಡರಿಂದ ಹದಿನಾಲ್ಕು ಡಿಗ್ರಿ ಸೆಲ್ಸಿಯಸ್ ಉಷ್ಣ, ಶೇಕಡಾ 60ರಿಂದ 75ರಷ್ಟು ತೇವ, ಕತ್ತಲೆ, ಅಲುಗಾಡದ ನೆಲ. ಅಂಕಿಗಿಂತಲೂ ಅದು ಏರಿಳಿಯದಿರುವುದು ಮುಖ್ಯವೆನ್ನುತ್ತಾನೆ. ಅಡಿಗೆಮನೆಯ ಫ್ರಿಜ್ಜು ಇದಕ್ಕೆ ಆಗದು: ಒಳಗೆ ಹೆಚ್ಚು ತಂಪು, ಗಾಳಿ ಒಣ, ಬಿರಡೆ ಕುಗ್ಗುತ್ತದೆ. ಕಂಪ್ರೆಸರ್ ಇಲ್ಲದ ಅಗ್ಗದ ಬೀರುಗಳು ಕೋಣೆಯ ಉಷ್ಣಕ್ಕಿಂತ ಕೆಲವೇ ಡಿಗ್ರಿ ಇಳಿಸಬಲ್ಲವು. ಕಲಬುರಗಿಯ ಬೇಸಿಗೆಯಲ್ಲಿ ಅವು ಸೋಲುವುದು ಖಂಡಿತ. ಹಿಂಬದಿಗೆ ಗಾಳಿಯಾಡಲು ಜಾಗ ಬಿಡಬೇಕು, ಧೂಳು ತೆಗೆಯಬೇಕು, ಗಾಳಿ ಸೋಸುವ ಇದ್ದಲಿನ ಜಾಲರಿಯನ್ನು ಕಾಲಕಾಲಕ್ಕೆ ಬದಲಿಸಬೇಕು. ಇಷ್ಟೆಲ್ಲ ಮಾಡಿದರೂ ಹೆಚ್ಚಿನ ಮದ್ಯಗಳು ಕಾದಿಡಲು ಯೋಗ್ಯವಲ್ಲ, ಕೆಲವೇ ವರ್ಷಗಳಲ್ಲಿ ಕುಡಿದು ಮುಗಿಸತಕ್ಕವು. ಒಗರು, ಹುಳಿ, ಇಲ್ಲವೆ ಸಿಹಿ, ಇವುಗಳಲ್ಲಿ ಒಂದಾದರೂ ಬಲವಾಗಿದ್ದರೆ ಮಾತ್ರ ದೀರ್ಘಾಯುಸ್ಸು.

2009ರ ಸೀಸೆಗಳು ಮೊದಲು ಆರಿದ್ದವಂತೆ. ಮಗಳಿಗೆ ಹತ್ತು ತುಂಬಿದ ದಿನ ಒಂದನ್ನು ತೆರೆದು ನೋಡಿದ. ಒಗರು ಇನ್ನೂ ಮಣಿದಿರಲಿಲ್ಲ. ಇನ್ನೊಂದನ್ನು ಅವಳ ಹದಿನೆಂಟಕ್ಕೆ ತೆರೆಯುವುದೆಂದು ಬೀರುವಿನ ಬಾಗಿಲ ಒಳಮೈಗೆ ಕನ್ನಡದಲ್ಲಿ ಬರೆದು ಅಂಟಿಸಿದ್ದಾನೆ.